ರಂಗೂಬಾಯಿಯ ಗಿರಣಿಯ ಮ್ಯಾಗ್ನೆಟೊ

ಪುಣೆಯ ಖಡಕಿ ಬಜಾರಿನ ಹಿಂದಿನ ಬೀದಿಯಲ್ಲಿ ನಿಜಲಿಂಗಪ್ಪನವರ ಮೋಟಾರು ಗ್ಯಾರೇಜು ಇತ್ತು. ಅಲ್ಲಿ ನಾನು ಸಾಮಾನು ಕೋಣೆಯ ಕಾರಕೂನ, ಹಂಗಾಮಿ. ಈ ಹಂಗಾಮಿ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಆ ವರ್ಷ ನನ್ನ ನಿದ್ದೆ ಕೆಡಿಸಿದ್ದು ಅದೊಂದೇ. ಧಾರವಾಡದಿಂದ ಬಂದು ಗಂಗೂ ಅತ್ತೆಯ ಮನೆಯಲ್ಲಿ ಉಳಿದುಕೊಂಡು, ಸಂಜೆಯ ಕ್ಲಾಸಿನಲ್ಲಿ ಯಂತ್ರಗಳ ನಕ್ಷೆ ತೆಗೆಯುವುದನ್ನು ಕಲಿತಿದ್ದೆ. ಸರ್ಟಿಫಿಕೇಟೂ ಇತ್ತು. ಆದರೆ ಹಗಲು ಕಾಲೇಜಿಗೆ ಹೋಗಿ ಕಲಿತವರನ್ನು ಕಂಡರೆ, ಅವರು ಬೆಳಕಿನಲ್ಲಿ ಸರಿಯಾಗಿ ನೋಡಿದ್ದನ್ನು ನಾನು ಕಂದೀಲಿನಲ್ಲಿ ಅರ್ಧಂಬರ್ಧ ನೋಡಿರಬಹುದೇ ಎಂದು ಸಂಶಯ ಬರುತ್ತಿತ್ತು. ಹೀಗಾಗಿ ಒಂದು ನಟ್ಟು ಕೊಡುವಾಗಲೂ ಎರಡು ಸಲ ಅಳೆದು ಕೊಡುತ್ತಿದ್ದೆ.

"ನೀ ಅಳಿಯೂದ್ರಾಗ ಆ ಮೋಟಾರಿಗೆ ಮುಪ್ಪು ಬರತದ ನೋಡು ಪ್ರಲ್ಹಾದ" ಅನ್ನುತ್ತಿದ್ದರು ನಿಜಲಿಂಗಪ್ಪನವರು.

೧೯೩೬ರ ಬೇಸಿಗೆಯಲ್ಲಿ ಬೆಳಗಾವಿ ಕಡೆಯ ದೇಸಾಯರೊಬ್ಬರ ರೇಸ್ ಗಾಡಿ ನಮ್ಮ ಗ್ಯಾರೇಜಿಗೆ ಬಂತು. ಬಂತು ಅನ್ನುವುದು ಅಷ್ಟು ಸರಿಯಲ್ಲ. ಸ್ಟೇಷನ್ನಿನಿಂದ ಎರಡು ಚಕ್ಕಡಿಗಳಲ್ಲಿ ಹೇರಿಕೊಂಡು ತಂದರು. ಒಂದರಲ್ಲಿ ಗಾಡಿಯ ಮೈ, ಇನ್ನೊಂದರಲ್ಲಿ ಗೋಣಿಚೀಲದಲ್ಲಿ ಅದರ ಹೊಟ್ಟೆಯೊಳಗಿನದು. ದೇಸಾಯರು ದೊಡ್ಡ ಯುದ್ಧಕ್ಕಿಂತ ಮೊದಲು ಆ ಗಾಡಿಯನ್ನು ಮುಂಬಯಿಯ ಸಮುದ್ರದಂಡೆಯಲ್ಲಿ ಓಡಿಸಿದ್ದರಂತೆ. ಒಂದು ಪಂದ್ಯ ಸೋತು, ಸಿಟ್ಟಿನಲ್ಲಿ ವಾಡೆಯ ಕೊಟ್ಟಿಗೆಯಲ್ಲಿ ನಿಲ್ಲಿಸಿ ಬೀಗ ಹಾಕಿದರಂತೆ. ಈಗ ಎಪ್ಪತ್ತರ ಹತ್ತಿರ ಬಂದ ಮೇಲೆ, ಸಾಯುವುದರೊಳಗೆ ಆ ಇಂಜಿನ್ನಿನ ಸಪ್ಪಳ ಇನ್ನೊಮ್ಮೆ ಕೇಳಬೇಕು ಅನ್ನಿಸಿತ್ತು.

ನಿಜಲಿಂಗಪ್ಪನವರು ನನ್ನನ್ನು ಕರೆದು ಹೇಳಿದರು: "ದೇಸಾಯರ ಮುಂದ ಈ ಇಂಜಿನ್ ಚಾಲೂ ಆತಂದ್ರ ನಿನ್ನ ಕಾಯಂ ಮಾಡತೀನಿ. ಸಾಮಾನು ಹುಡುಕೂದು ನಿನ್ನ ಪಾಲಿಂದು. ಸಿಗಲಿಲ್ಲಂದ್ರ ಶ್ರಾವಣ ಮುಗಿಯೂದ್ರಾಗ ಧಾರವಾಡದ ಗಾಡಿ ಹತ್ತು."

"ಪ್ರಯತ್ನ ಮಾಡತೀನ್ರಿ ಮಾಲಕ್ರ" ಅಂದೆ.

"ಪ್ರಯತ್ನ ಎಲ್ಲಾರೂ ಮಾಡತಾರ. ನೀ ಸಾಮಾನು ತಾ."

ಗಾಡಿಯ ಹೆಸರು ಪೆಂಡ್ರಿಲ್. ಅಂಥವು ಈ ದೇಶಕ್ಕೆ ಎರಡೇ ಬಂದಿದ್ದವಂತೆ. ನಾನು ಕಂಪನಿಗೆ, ಪ್ರತಿಯೊಂದು ಭಾಗದ ನಕ್ಷೆ ತೆಗೆದು, ವಿನಯದಿಂದ ಪತ್ರ ಬರೆದೆ. ಉತ್ತರವೂ ಅಷ್ಟೇ ವಿನಯದಿಂದ ಬಂತು. ಅವರು ಮೋಟಾರು ಮಾಡುವುದನ್ನು ಬಿಟ್ಟು ಬಹಳ ವರ್ಷಗಳಾಗಿದ್ದವು, ಈಗ ಕೊಡೆಯ ಕಡ್ಡಿ ಮಾಡುತ್ತಿದ್ದರು, ಬೇಕಿದ್ದರೆ ದರಪಟ್ಟಿ ಕಳಿಸುತ್ತಿದ್ದರು.

ಆಮೇಲೆ ನಾನು ಪ್ರತಿ ರವಿವಾರ ಹಳೆಯ ಸಾಮಾನು ಮಾರುವ ಜುನಾ ಬಜಾರಕ್ಕೆ ಹೋಗತೊಡಗಿದೆ. ಮುರಿದ ಕುರ್ಚಿ, ಒಂಟಿ ಬೂಟು, ತಂತಿಯಿಲ್ಲದ ತಂಬೂರಿಯ ನಡುವೆ ಮಂಡಿಯೂರಿ ಕೂತು ಹುಡುಕುತ್ತಿದ್ದೆ. ಸಿಕ್ಕವೂ ಹೌದು. ಎಣ್ಣೆಯ ಪಂಪಿಗೆ ಹೊಂದುವ ಹಲ್ಲುಗಾಲಿಯೊಂದನ್ನು ಒಬ್ಬಾಕೆ ಶಾವಿಗೆ ಒತ್ತುವ ಮಣೆಗೆ ಜೋಡಿಸಿದ್ದಳು. ರೇಡಿಯೇಟರಿನ ಮುಚ್ಚಳ ಕುಂಕುಮದ ಬಟ್ಟಲಾಗಿತ್ತು. ಅದರಲ್ಲಿದ್ದ ಕುಂಕುಮಕ್ಕೂ ಸೇರಿಸಿ ಬೆಲೆ ಕೇಳಿದರು. ಪಿಸ್ಟನ್ನಿನ ಉಂಗುರಗಳನ್ನು ಬೇರೆ ಗಾಡಿಯವನ್ನೇ ತಂದು, ನಮ್ಮ ಫಿಟರುಗಳು ತಿಕ್ಕಿ ತಿಕ್ಕಿ ಕೂಡಿಸಿದರು. ಆಷಾಢ ಮುಗಿಯುವ ಹೊತ್ತಿಗೆ ಒಂದು ಮಾತ್ರ ಉಳಿಯಿತು. ಮ್ಯಾಗ್ನೆಟೊ. ಇಂಜಿನ್ನಿಗೆ ಕಿಡಿ ಕೊಡುವುದು ಅದೇ. ದೇಸಾಯರ ಗಾಡಿಯ ಮ್ಯಾಗ್ನೆಟೊ ಒಳಗೆ ಇಲಿ ಮರಿ ಹಾಕಿ ಸಂಸಾರ ಮಾಡಿದ್ದರಿಂದ ತಂತಿಯ ಸುರುಳಿಯೆಲ್ಲ ಹರಿದುಹೋಗಿತ್ತು. ಪೆಂಡ್ರಿಲ್‌ನದು ಎಡಕ್ಕೆ ತಿರುಗುವ, ಮೂರು ಮೂಲೆಯ ಬುಡದ ಮ್ಯಾಗ್ನೆಟೊ. ಬೇರೆ ಯಾವುದೂ ಅಲ್ಲಿ ಕೂಡುತ್ತಿರಲಿಲ್ಲ. ಅದು ಇಲ್ಲದೆ ಇಂಜಿನ್ನು ಇಂಜಿನ್ನಲ್ಲ, ಬರೀ ಭಾರದ ಕಬ್ಬಿಣ.

ಅದರ ಚಿಂತೆಯಲ್ಲೇ ಒಂದು ದಿನ ಸಂಕಪ್ಪನವರ ಹೋಟೆಲಿಗೆ ಚಹಾ ಕುಡಿಯಲು ಹೋದೆ. ಸಂಕಪ್ಪ ದಕ್ಷಿಣ ಕನ್ನಡದವರು. ಬಜಾರಿನ ಮೂಲೆಯಲ್ಲಿ ಇಡ್ಲಿ ಹೋಟೆಲು ಇಟ್ಟಿದ್ದರು. ಆ ಹೋಟೆಲಿನ ಬಾಗಿಲಿನ ಬಗ್ಗೆ ಖಡಕಿಯಲ್ಲೆಲ್ಲ ಮಾತಿತ್ತು. ತೆರೆದು ಬಿಟ್ಟರೆ ಅದು ಎಷ್ಟು ಜೋರಾಗಿ ಮುಚ್ಚುತ್ತಿತ್ತೆಂದರೆ, ಗಿರಾಕಿ ಒಳಗೆ ನಡೆದು ಬರುವ ಬದಲು ಒಳಗೆ ಬಂದು ಬೀಳುತ್ತಿದ್ದ. ಆ ದಿನ ನನಗೂ ಬೆನ್ನಿಗೆ ಬಡಿಯಿತು. ತಿರುಗಿ ನೋಡಿದೆ. ಬಾಗಿಲಿಗೆ ಹಾಕಿದ್ದ ಸ್ಪ್ರಿಂಗು ದುಂಡು ತಂತಿಯದಲ್ಲ, ಚೌಕ ತಂತಿಯದು. ಒಳಗೊಂದು, ಹೊರಗೊಂದು, ಜೋಡಿ ಸ್ಪ್ರಿಂಗು. ಪೆಂಡ್ರಿಲ್ ಇಂಜಿನ್ನಿನ ವಾಲ್ವಿಗೆ ಹಾಕುವಂಥದ್ದು, ಅದರ ನಕ್ಷೆಯನ್ನು ನಾನೇ ಮೂರು ಸಲ ತೆಗೆದಿದ್ದೆ.

"ಸಂಕಪ್ಪನವರೇ, ಇದು ಎಲ್ಲಿ ಸಿಕ್ತು ನಿಮಗ?"

"ಅದಾ? ಪಕ್ಕದ ಗಿರಣಿಯ ರಂಗೂಬಾಯಕ್ಕ ಕೊಟ್ಟದ್ದು ಮಾರಾಯ್ರೆ. ನೊಣ ಬರ್ತದೆ ಅಂದೆ, ಇದು ಹಾಕು ಅಂದ್ರು. ಈಗ ನೊಣವೂ ಇಲ್ಲ, ಗಿರಾಕಿಯೂ ಕಡಿಮೆ."

ಚಹಾ ಅಲ್ಲೇ ಬಿಟ್ಟು ಪಕ್ಕದ ಗಿರಣಿಗೆ ಹೋದೆ. ದಿನಾ ಆ ಗಿರಣಿಯ ಮುಂದೆಯೇ ಓಡಾಡಿದವನು ನಾನು. ಹೆಂಗಸರು ಡಬ್ಬಿ, ಬುಟ್ಟಿ ಹಿಡಿದು ಸಾಲಾಗಿ ನಿಂತಿರುತ್ತಿದ್ದರು, ಒಳಗೆ ಹಿಟ್ಟಿನ ಮಂಜು. ಅದರ ಹಿಂದಿನ ಕೋಣೆಯಲ್ಲಿ ಏನಿದೆ ಎಂದು ನೋಡಬೇಕೆಂದು ಯಾರಿಗೆ ಹೊಳೆಯಬೇಕು? ಬಗ್ಗಿ ನೋಡಿದೆ. ಹಿಟ್ಟು ಮೆತ್ತಿ ಬೆಳ್ಳಗೆ ಋಷಿಯ ಹಾಗೆ ಆಗಿದ್ದ ನಾಲ್ಕು ಸಿಲಿಂಡರಿನ ಪೆಂಡ್ರಿಲ್ ಇಂಜಿನ್ನು, ತೊಗಲಿನ ಪಟ್ಟಾದ ಮೂಲಕ ಗಿರಣಿಯ ಕಲ್ಲನ್ನು ತಿರುಗಿಸುತ್ತ, ಖಡಕಿಯ ಜೋಳ ಬೀಸುತ್ತಿತ್ತು. ಅದರ ಮಗ್ಗುಲಿಗೆ ಎಡಕ್ಕೆ ತಿರುಗುವ ಮ್ಯಾಗ್ನೆಟೊ. ಮ್ಯಾಗ್ನೆಟೊಗೆ ಅರಿಷಿಣ ಕುಂಕುಮ.

ರಂಗೂಬಾಯಿ ಗೋಕಾಕ ಕಡೆಯವರು, ಗಂಡ ಶಿವಪುತ್ರಪ್ಪ ತೀರಿಕೊಂಡ ಮೇಲೆ ಒಬ್ಬರೇ ಗಿರಣಿ ನಡೆಸುತ್ತಿದ್ದರು. ಯುದ್ಧಕ್ಕೆ ಹೋದ ಒಬ್ಬ ಕ್ಯಾಪ್ಟನ್ನನ ಗಾಡಿ ಮೋಡಕಾ ಸಾಮಾನಿನಲ್ಲಿ, ಗುಜರಿಯಾಗಿ, ಬಂದಾಗ ಶಿವಪುತ್ರಪ್ಪ ಅದರ ಇಂಜಿನ್ನನ್ನಷ್ಟೇ ಕೊಂಡಿದ್ದರಂತೆ. ನಾನು ವಿಷಯ ಹೇಳಿದೆ.

"ಮ್ಯಾಗ್ನೆಟೊ ಬೇಕಂತ" ಅಂದರು ರಂಗೂಬಾಯಿ, ಸಾಲಿನಲ್ಲಿದ್ದ ಹೆಂಗಸರಿಗೂ ಕೇಳುವಂತೆ. "ನಾಳೆ ಬಂದು ಕಲ್ಲೂ ಬೇಕು ಅಂತೀಯೇನು ತಮ್ಮಾ?"

"ಇಲ್ಲರಿ. ಒಂದ ದಿನದ ಮಟ್ಟಿಗೆ ಅಷ್ಟ."

"ಒಂದ ದಿನ ನನ್ನ ಗಿರಣಿ ನಿಂತ್ರ ಮದ್ದುಗುಂಡಿನ ಕಾರಖಾನಿ ಮಂದಿ ರೊಟ್ಟಿ ಇಲ್ಲದ ಕೆಲಸಕ್ಕ ಹೋಗಬೇಕು. ಹಸದ ಹೊಟ್ಟಿಲೆ ಮದ್ದು ತುಂಬಿದ್ರ ಏನಾಗತದ ಗೊತ್ತದ? ನೀನೂ ಹಾರತಿ, ನಾನೂ ಹಾರತೀನಿ."

ನಾನು ಸಾಲಿನ ಕಡೆ ತಿರುಗಿದೆ. ಸಾಲಿನಲ್ಲಿದ್ದ ಹೆಂಗಸರ ಬುಟ್ಟಿಗಳಲ್ಲಿ ಕಡಲೆ, ಹೆಸರು, ಗೋದಿ ಕಂಡವು. ಪಂಚಮಿಯ ಉಂಡಿಗೆ ಹಿಟ್ಟು. ಆಗ ನನಗೆ ಹೊಳೆಯಿತು.

"ರಂಗೂಬಾಯಿ, ನಾಗರಪಂಚಮಿ ದಿನ ಗಿರಣಿ ಬಂದ್ ಇರತದಲ್ಲರಿ?"

"ಪಂಚಮಿ ದಿನ ಯಾರು ಬೀಸತಾರೋ? ನಾಗಪ್ಪಗ ನೋವಾಗತದ. ಬೀಸೂದಿಲ್ಲ, ಹೆಚ್ಚೂದಿಲ್ಲ, ಕರಿಯೂದಿಲ್ಲ."

"ಹಂಗಾದ್ರ ಅವತ್ತೊಂದ ದಿನ ಮ್ಯಾಗ್ನೆಟೊನೂ ಖಾಲಿ ಕೂತಿರತದ."

ರಂಗೂಬಾಯಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಸಣಕಲ ಇದ್ರೂ ತಲಿ ಅದ" ಅಂದರು ಸಾಲಿನ ಕಡೆ ತಿರುಗಿ. ಮತ್ತೆ ನನಗೆ: "ಪಂಚಮಿ ಹಿಂದಿನ ಸಂಜಿಗೆ ಒಯ್ಯಿ. ಪಂಚಮಿ ಮುಗದ ಮರುದಿನ ನಾ ಬಾಗಿಲಾ ತಗಿಯೂದ್ರಾಗ ಅದು ಅದರ ಜಾಗಾದಾಗ ಇರಬೇಕು. ನಾ ಹಬ್ಬಕ್ಕ ಪುಣೆ ಊರಾಗ ತಂಗಿ ಮನಿಗೆ ಹೋಗತೀನಿ. ಕೀಲಿ ಸಂಕಪ್ಪನ ಕಡೆ ಇಟ್ಟಿರತೀನಿ. ಕುಂಕುಮ ಒರಸಬ್ಯಾಡ."

ಮನೆಗೆ ಬಂದು ಅತ್ತೆಯನ್ನು ಪಂಚಮಿ ಯಾವಾಗ ಎಂದು ಕೇಳಿದೆ. ನಮ್ಮ ಗಂಗೂ ಅತ್ತೆ ಇಪ್ಪತ್ತು ವರ್ಷದಿಂದ ಪುಣೆಯಲ್ಲಿದ್ದರೂ ಪಂಚಾಂಗ ಮಾತ್ರ ಧಾರವಾಡದಿಂದ, ಮಠದ್ದೇ ತರಿಸುತ್ತಿದ್ದಳು. ಪುಣೆಯ ನೀರು, ಪುಣೆಯ ಅಕ್ಕಿ ಒಗ್ಗಿತ್ತು, ಪುಣೆಯ ತಿಥಿ ಒಗ್ಗಿರಲಿಲ್ಲ. ಪಂಚಾಂಗ ತೆಗೆದು, ಕನ್ನಡಕ ಏರಿಸಿ, ಗುರುವಾರ ಅಂದಳು. ನಾನೂ ನೋಡಿದೆ, ಗುರುವಾರ. ಎರಡು ಸಲ ನೋಡಿದೆ. ದೇಸಾಯರಿಗೆ, "ಗುರುವಾರ ಬೆಳಿಗ್ಗೆ ದಯಮಾಡಿಸಬೇಕು, ಇಂಜಿನ್ನು ಚಾಲೂ ಮಾಡಿ ತೋರಿಸುತ್ತೇವೆ" ಎಂದು ಪತ್ರ ಬರೆದೆ.

ಆದರೂ ಒಂದು ಅಳುಕು ಉಳಿದಿತ್ತು. "ಅತ್ತಿ, ಪಂಚಮಿ ದಿನ ಪಾನಾ ತಿರುವಬಹುದೇನು?" ಎಂದು ಕೇಳಿದೆ.

"ಪಾನಾ ಅಂದ್ರ?"

"ನಟ್ಟು ಬಿಚ್ಚೂದು."

ಅತ್ತೆ ಕನ್ನಡಕ ತೆಗೆದು ಒರೆಸಿದಳು. "ತಿರುವಬಹುದು. ಬೀಸಬಾರದು" ಅಂದಳು.

ಅಷ್ಟು ಸಾಕಾಗಿತ್ತು ನನಗೆ.

ಬುಧವಾರ ನಮ್ಮ ಓಣಿಯಲ್ಲಿ ಮರಾಠಿ ಹೆಂಗಸರು ಹೊಸ ಸೀರೆ ಉಟ್ಟು ಜೋಕಾಲಿ ಆಡುತ್ತಿದ್ದರು. ಹಾವಾಡಿಗನೂ ಬುಟ್ಟಿ ಹಿಡಿದು ಬಂದಿದ್ದ. ನಮ್ಮ ಕಡೆ ಪಂಚಮಿಯ ಹಿಂದಿನ ದಿನ ಚೌತಿಯೂ ಹಬ್ಬವೇ. ಜೋಕಾಲಿ ಅವತ್ತೇ ಕಟ್ಟುತ್ತಾರೆ, ಹುತ್ತಕ್ಕೆ ಹಾಲನ್ನೂ ಎರೆಯುತ್ತಾರೆ. ಇಷ್ಟು ವರ್ಷ ನಮ್ಮವರ ಜೊತೆ ಇದ್ದು ಇವರೂ ಚೌತಿ ಮಾಡುವುದನ್ನು ಕಲಿತರಲ್ಲ ಎಂದು ನನಗೆ ಒಂದು ಥರದ ಅಭಿಮಾನವೇ ಆಯಿತು. ಮನೆಯಲ್ಲಿ ಅತ್ತೆ ಸೌತೆಕಾಯಿ ಹೆಚ್ಚಿ ಕೋಸಂಬರಿ ಮಾಡಿದ್ದಳು. ನಾಳೆ ಹೆಚ್ಚುವಂತಿಲ್ಲ, ಇವತ್ತೇ ತಿನ್ನು ಎಂದು ಎರಡು ಸಲ ಬಡಿಸಿದಳು.

ಸಂಜೆ ಕೀಲಿ ಕೇಳಲು ಹೋದಾಗ ಸಂಕಪ್ಪ ಹುಬ್ಬು ಏರಿಸಿದರು.

"ಅಕ್ಕ ಹೇಳಿದ್ದು ನೀವು ನಿನ್ನೆ ಸಂಜೆ ಬರ್ತೀರಿ ಅಂತ ಅಲ್ವಾ?"

"ಇಲ್ಲರಿ, ಇವತ್ತ. ನಾಳೆ ಪಂಚಮಿ."

"ಹೌದಾ? ನಿಮ್ಮ ಹಬ್ಬ ನಿಮಗೇ ಗೊತ್ತು. ನನಗೆ ಇಡ್ಲಿ ತಟ್ಟೆ ತೊಳೆಯುವುದರಲ್ಲಿ ಯಾವ ವಾರ ಅಂತಲೇ ಗೊತ್ತಾಗುದಿಲ್ಲ." ಕೀಲಿ ಕೊಟ್ಟರು.

ನನ್ನ ಸ್ವಭಾವ ನನಗೆ ಗೊತ್ತು. ದೀಪ ಆರಿಸಿದ್ದೇನೋ ಇಲ್ಲವೋ ಎಂದು ಅರ್ಧ ದಾರಿಯಿಂದ ತಿರುಗಿ ಬರುವವನು ನಾನು. ಅಂಥ ನಾನು ಆ ಒಂದು ಸಂಜೆ ಮಾತ್ರ ಏನೂ ಸಂಶಯಪಡಲಿಲ್ಲ. ಗಿರಣಿ ಮುಚ್ಚಿತ್ತು, ಹಬ್ಬದ ಸಡಗರಕ್ಕೆ ಬೇಗ ಮುಚ್ಚಿದ್ದಾರೆ ಅಂದುಕೊಂಡೆ. ಮ್ಯಾಗ್ನೆಟೊ ಬಿಚ್ಚುವ ಮೊದಲು ಅದು ಕೂತಿದ್ದ ಜಾಗದಲ್ಲಿ ಸುಣ್ಣದಿಂದ ಗುರುತು ಹಾಕಿಕೊಂಡೆ, ಕೈಮುಗಿದೆ, ಟವೆಲಿನಲ್ಲಿ ಸುತ್ತಿ ಎದೆಗೆ ಅವಚಿಕೊಂಡು ಗ್ಯಾರೇಜಿಗೆ ತಂದೆ.

ಗುರುವಾರ ಬೆಳಿಗ್ಗೆ ಬೇಗ ಹೋಗಿ ಅದನ್ನು ದೇಸಾಯರ ಗಾಡಿಗೆ ಜೋಡಿಸಿದೆ. ನಿಜಲಿಂಗಪ್ಪನವರು ಸ್ನಾನ ಮಾಡಿ, ವಿಭೂತಿ ಹಚ್ಚಿ, ಕೋಟು ಹಾಕಿಕೊಂಡು ಬಂದರು. ಫಿಟರು ತನಿಯಪ್ಪ ಹ್ಯಾಂಡಲ್ ತಿರುವಿದ. ಇಂಜಿನ್ನು ಒಮ್ಮೆ ಸೀನಿತು, ಎರಡನೆಯ ಸಲ ಬೈಯಿತು, ಮೂರನೆಯ ಸಲ ಹಿಡಿದುಕೊಂಡಿತು. ಆ ಸಪ್ಪಳಕ್ಕೆ ತಗಡಿನ ಮಾಡು ನಡುಗಿತು. ಹೊಗೆಯ ಜೊತೆ ಸ್ವಲ್ಪ ಜೋಳದ ಹಿಟ್ಟೂ ಹಾರಿತು. ಅದು ಮ್ಯಾಗ್ನೆಟೊದ್ದು. ನಿಜಲಿಂಗಪ್ಪನವರು ನನ್ನ ಬೆನ್ನು ತಟ್ಟಲು ಕೈ ಎತ್ತಿದರು.

ಆ ಕೈ ಹಾಗೆಯೇ ನಿಂತಿತು. ಬಾಗಿಲಲ್ಲಿ ರಂಗೂಬಾಯಿ ನಿಂತಿದ್ದರು. ಅವರ ಹಿಂದೆ ಡಬ್ಬಿ, ಬುಟ್ಟಿ ಹೊತ್ತ ಹೆಂಗಸರು. ಇಡೀ ಸಾಲು ಗಿರಣಿಯಿಂದ ಎದ್ದು ನಡೆದುಕೊಂಡು ಬಂದಿತ್ತು. ಅದರ ಬಾಲ ಎಲ್ಲಿತ್ತೋ ಕಾಣುತ್ತಿರಲಿಲ್ಲ.

"ತಮ್ಮಾ" ಅಂದರು ರಂಗೂಬಾಯಿ. "ನನ್ನ ಮ್ಯಾಗ್ನೆಟೊ."

"ಇವತ್ತು ಪಂಚಮಿ ಅಲ್ಲರಿ?"

"ಪಂಚಮಿ ನಿನ್ನೆ ಆತು."

"ನಮ್ಮ ಪಂಚಾಂಗದಾಗ ಇವತ್ತದರಿ."

"ನಿಮ್ಮ ಪಂಚಾಂಗ ನಿಮ್ಮ ಮನ್ಯಾಗ ಇಟ್ಕೋ. ನನ್ನ ಪಂಚಾಂಗ ಇಲ್ಲೆ ನಿಂತದ ನೋಡು, ಬುಟ್ಟಿ ಹೊತಗೊಂಡು." ಸಾಲನ್ನು ತೋರಿಸಿದರು. "ಇವರು ಯಾವತ್ತು ಬೀಸಸೂದಿಲ್ಲೋ ಅವತ್ತು ನಂದು ಪಂಚಮಿ. ನಿನ್ನೆ ಒಬ್ಬಾಕಿನೂ ಬೀಸಸಲಿಲ್ಲ. ಇವತ್ತು ಎರಡು ದಿನದ ಮಂದಿ ಬಂದಾರ."

ನಿಜಲಿಂಗಪ್ಪನವರು ನನ್ನನ್ನು ಮೂಲೆಗೆ ಎಳೆದರು. "ದೇಸಾಯರು ಟಾಂಗಾದಾಗ ಕೂತಿರಬೇಕು ಈಗ. ಬಿಚ್ಚಿ ಕೊಟ್ಟಿ ಅಂದ್ರ ಅವರಿಗೇನ ನಿನ್ನ ಸರ್ಟಿಫಿಕೇಟ್ ತೋರಸಲೇನು?"

"ಬಿಚ್ಚದಿದ್ರ ಇವರು ಇಲ್ಲೇ ಕೂಡತಾರರಿ."

"ಕೂಡಾಕತ್ತಾರ" ಅಂದರು ಮಾಲಕರು. ನಿಜ. ಸಾಲಿನ ಮುಂದಿನವರು ಟಾಯರುಗಳ ಮೇಲೆ ಕೂತಾಗಿತ್ತು.

ಆ ಗಳಿಗೆಯಲ್ಲಿ ನನಗೆ ಧಾರವಾಡದ ರೈಲು ಕಣ್ಣಮುಂದೆ ಬಂತು, ಅದರ ಬೆಂಚು ಸಹಿತ. ಭಯಕ್ಕೋ ಏನೋ, ಕ್ಲಾಸಿನಲ್ಲಿ ಒಮ್ಮೆ ತೆಗೆದ ನಕ್ಷೆಯೊಂದು ನೆನಪಾಯಿತು: ಮೋಟಾರಿನ ಹಿಂದಿನ ಗಾಲಿಯನ್ನು ನೆಲದಿಂದ ಎತ್ತಿ, ಟಾಯರು ಬಿಚ್ಚಿ, ಆ ಗಾಲಿಯ ಮೇಲೆ ಪಟ್ಟಾ ಹಾಕಿ ಬಾವಿಯ ನೀರೆತ್ತುವುದು. ನೀರೆತ್ತಬಹುದಾದರೆ ಹಿಟ್ಟೂ ಬೀಸಬಹುದು.

"ರಂಗೂಬಾಯಿ" ಅಂದೆ. "ನಿಮಗ ಮ್ಯಾಗ್ನೆಟೊ ಬೇಕೋ, ಬೀಸೂದು ಬೇಕೋ?"

"ಬೀಸೂದು."

"ಹಂಗಾದ್ರ ಗಾಡೀನ ನಿಮ್ಮ ಗಿರಣಿಗೆ ತರತೀನಿ."

ನಿಜಲಿಂಗಪ್ಪನವರು ಟೊಪ್ಪಿಗೆ ತೆಗೆದು ಮತ್ತೆ ಹಾಕಿಕೊಂಡರು. "ಸಮುದ್ರದಂಡಿ ಮ್ಯಾಲ ಓಡಿದ ಗಾಡಿ ಅದು" ಅಂದರು ಸಣ್ಣ ದನಿಯಲ್ಲಿ.

"ಇಲ್ಲೆ ಬಜಾರದಾಗ ಓಡಲಿ. ದೇಸಾಯರಿಗೆ ಸಪ್ಪಳ ಕೇಳಸೂದು ತಾನ? ಅಲ್ಲೂ ಕೇಳಸತದರಿ."

ಹೀಗೆ ಪೆಂಡ್ರಿಲ್ ಗಾಡಿ ಇಪ್ಪತ್ತಕ್ಕೂ ಹೆಚ್ಚು ವರ್ಷಗಳ ಮೇಲೆ ರಸ್ತೆಗೆ ಇಳಿಯಿತು. ತನಿಯಪ್ಪ ಚುಕ್ಕಾಣಿ ಹಿಡಿದಿದ್ದ. ನಾನು ಮ್ಯಾಗ್ನೆಟೊದ ಪಕ್ಕ, ಅದೇನಾದರೂ ಬಿದ್ದರೆ ಹಿಡಿಯಲು ಕೈಯೊಡ್ಡಿಕೊಂಡು ಓಡುತ್ತಿದ್ದೆ. ಹಿಂದೆ ರಂಗೂಬಾಯಿ, ಅವರ ಹಿಂದೆ ಬುಟ್ಟಿಗಳ ಸಾಲು. ಬಜಾರಿನವರು ಯಾವುದೋ ಮೆರವಣಿಗೆ ಎಂದು ದಾರಿ ಬಿಟ್ಟರು. ಒಬ್ಬ ಅಂಗಡಿಯವನು ರೇಡಿಯೇಟರಿಗೆ ಹೂವನ್ನೂ ಎಸೆದ.

ಗಿರಣಿಯ ಹಿಂದಿನ ಬಾಗಿಲಿಗೆ ಗಾಡಿಯ ಹಿಂಭಾಗ ತಂದು ನಿಲ್ಲಿಸಿ, ಜ್ಯಾಕಿನಿಂದ ಎತ್ತಿ, ಒಂದು ಗಾಲಿಗೆ ಕಲ್ಲು ಕೊಟ್ಟು, ಇನ್ನೊಂದರ ಟಾಯರು ಬಿಚ್ಚಿ ಪಟ್ಟಾ ಏರಿಸಿದೆವು. ತನಿಯಪ್ಪ ಗೇರು ಹಾಕಿದ. ಕಲ್ಲು ತಿರುಗಿತು. ರಂಗೂಬಾಯಿ ಮೊದಲ ಹಿಡಿ ಹಿಟ್ಟನ್ನು ಬೆರಳಲ್ಲಿ ಉಜ್ಜಿ, ಮೂಸಿ ನೋಡಿದರು.

"ಘಾಸಲೇಟ್ ಎಣ್ಣಿ ವಾಸನಿ ಇಲ್ಲ. ನಡೀತದ. ಮುಂದಿನ ಬುಟ್ಟಿ ತರ್ರಿ."

ದೇಸಾಯರು ಬಂದದ್ದು ಆ ಹೊತ್ತಿಗೆ. ಗ್ಯಾರೇಜು ಖಾಲಿ ಕಂಡು, ಸಪ್ಪಳದ ಜಾಡು ಹಿಡಿದು ಟಾಂಗಾವನ್ನು ಈ ಕಡೆ ಹೊಡೆಸಿದ್ದರು. ಜರಿ ರುಮಾಲು, ಬೆಳ್ಳಿ ಹಿಡಿಯ ಬೆತ್ತ. ಗಿರಣಿಯ ಮುಂದೆ ಇಳಿದು ನೇರವಾಗಿ ಒಳಗೆ ನಡೆದರು. ಸಾಲಿನಲ್ಲಿದ್ದ ಒಬ್ಬ ಅಜ್ಜಿ ಬುಟ್ಟಿಯನ್ನು ಅಡ್ಡ ಹಿಡಿದಳು.

"ಆಜೋಬಾ, ರಾಂಗೇತ್ ಯಾ. ಆಮ್ಹೀ ಸಕಾಳ್‌ಪಾಸೂನ್ ಉಭ್ಯಾ ಆಹೋತ್" ಅಂದಳು. ಸಾಲಿನಲ್ಲಿ ಬನ್ನಿ, ನಾವು ಬೆಳಗಿನಿಂದ ನಿಂತಿದ್ದೇವೆ.

ದೇಸಾಯರ ಊರಲ್ಲಿ ಅವರ ಮುಂದೆ ಯಾರೂ ಹೀಗೆ ಮಾತಾಡಿರಲಿಕ್ಕಿಲ್ಲ. ಏನು ಮಾಡಬೇಕೆಂದು ತಿಳಿಯದೆ ಅವರು ಸಾಲಿನಲ್ಲಿ ನಿಂತರು. ನಿಜಲಿಂಗಪ್ಪನವರು ಓಡಿ ಹೋಗಿ, "ದೇಸಾಯರ, ಈ ಕಡೆ ಬರ್ರಿ, ದಯಮಾಡ್ರಿ" ಎಂದು ಕರೆದರೂ ಅಜ್ಜಿ ಬಿಡಲಿಲ್ಲ. ಯಾರಾದರೂ ಸರಿ, ಸಾಲು ಅಂದರೆ ಸಾಲೇ. ಹೀಗಾಗಿ ದೇಸಾಯರು ಒಂದೊಂದೇ ಹೆಜ್ಜೆ ಮುಂದೆ ಸರಿಯುತ್ತ, ಬೆತ್ತ ಊರಿಕೊಂಡು, ತಮ್ಮ ರೇಸ್ ಗಾಡಿಯನ್ನು ಸಮೀಪಿಸಿದರು. ಅದರ ಹಿಂದಿನ ಗಾಲಿ ಗಾಳಿಯಲ್ಲಿತ್ತು, ಮುಖದ ಮೇಲೆ ಹೂವಿತ್ತು, ಮೈಯೆಲ್ಲ ಹಿಟ್ಟಾಗಿತ್ತು.

ಅವರ ಸರದಿ ಬಂತು. ರಂಗೂಬಾಯಿ ತಲೆ ಎತ್ತದೆ, "ಡಬ್ಬಿ?" ಅಂದರು.

"ಗಾಡಿ ನಂದು" ಅಂದರು ದೇಸಾಯರು.

ನಿಜಲಿಂಗಪ್ಪನವರು ಕೆಮ್ಮಿದರು. ನನ್ನ ಕಡೆ ನೋಡಿ, ಮಾತಾಡಬೇಡ ಎಂದು ಕಣ್ಣಿನಿಂದ ಹೇಳಿದರು. ಆದರೆ ಒಳಗೆ ಬೇರೆಯವರ ಸಾಮಾನು ಇಟ್ಟುಕೊಂಡು ಇಂಜಿನ್ ಸರಿಯಾಯಿತು ಅನ್ನುವುದು ನನ್ನಿಂದ ಆಗಲಿಲ್ಲ. ಮ್ಯಾಗ್ನೆಟೊ ಗಾಡಿಯದಲ್ಲ, ಈ ಬಾಯಿಯವರದು, ಒಂದು ದಿನದ ಎರವಲು, ಅದರಲ್ಲೂ ಪಂಚಾಂಗ ತಪ್ಪಿತು, ಎಲ್ಲ ಹೇಳಿದೆ. ಹೇಳುತ್ತ ಒಳಗಿನ ಕೋಣೆಯಲ್ಲಿದ್ದ ಇನ್ನೊಂದು ಇಂಜಿನ್ನನ್ನು ತೋರಿಸಿದೆ.

ದೇಸಾಯರು ಅದರ ಹತ್ತಿರ ಹೋದರು. ರುಮಾಲಿನ ಚುಂಗಿನಿಂದ ಒಂದು ಕಡೆ ಹಿಟ್ಟು ಒರೆಸಿದರು. ಕೆಳಗೆ ಹಳೆಯ ಹಸಿರು ಬಣ್ಣ ಕಂಡಿತು.

"ಇದು ಆ ಕ್ಯಾಪ್ಟನ್ನನ ಗಾಡೀದು" ಅಂದರು. "ನನ್ನ ಸೋಲಿಸಿದ್ದು ಇದ. ನನ್ನ ಟಾಯರ್ ಒಡೀತು, ಇಲ್ಲಂದ್ರ ನಾ ಬಿಡತಿದ್ದಿಲ್ಲ." ಆಮೇಲೆ ಹೊರಗೆ ಗುಡುಗುತ್ತಿದ್ದ ತಮ್ಮ ಗಾಡಿಯ ಕಡೆ ನೋಡಿದರು. ಮೀಸೆ ಸ್ವಲ್ಪ ಅಲುಗಿತು. "ಇವತ್ತು ಅದು ಸುಮ್ಮ ಕೂತದ, ನಂದು ಓಡಲಿಕ್ಕತ್ತದ. ಅಂದ್ರ ಕಡೀಕ ಗೆದ್ದಂವ ನಾನ."

ಅಷ್ಟಕ್ಕೆ ಮುಗಿದಿದ್ದರೆ ನಾನು ಅವತ್ತೇ ಸುಖವಾಗಿ ಕಾಯಂ ಆಗುತ್ತಿದ್ದೆ. ರಂಗೂಬಾಯಿ ಬಾಯಿ ಹಾಕಿದರು.

"ಗೆದ್ದದ್ದು ಹೆಂಗ? ನಮ್ಮದು ಇದಕ್ಕಿಂತ ನುಣ್ಣಗ ಬೀಸತದ."

"ಏನಂದಿ?"

"ನಿಮ್ಮ ಗಾಡಿ ಹಿಟ್ಟು ತರಿತರಿ ಆಗೇದ. ಸಾಲಿನ್ಯಾಗ ಯಾರನ್ನರ ಕೇಳ್ರಿ."

ಹಿಟ್ಟು ನುಣ್ಣಗಾಗುವುದು ಕಲ್ಲಿನಿಂದ, ಇಂಜಿನ್ನಿನಿಂದಲ್ಲ. ಎರಡಕ್ಕೂ ಕಲ್ಲು ಒಂದೇ. ಇದನ್ನು ಹೇಳುವುದು ನನ್ನ ಕರ್ತವ್ಯ ಅನ್ನಿಸಿ, "ದೇಸಾಯರ, ಹಂಗ ನೋಡಿದ್ರ" ಎಂದು ಶುರುಮಾಡಿದೆ. ನಿಜಲಿಂಗಪ್ಪನವರು ನನ್ನ ಕಾಲು ತುಳಿದು, ಮೇಲೆಯೇ ನಿಂತುಬಿಟ್ಟರು.

ದೇಸಾಯರು ಕೋಟಿನ ಜೇಬಿನಿಂದ ಗಡಿಯಾರ ತೆಗೆದಿದ್ದರು. ಪಂದ್ಯದ ಗಡಿಯಾರ, ಚಿನ್ನದ್ದು. ಒಂದು ಬುಟ್ಟಿ ಜೋಳ ತಮ್ಮ ಗಾಡಿಯಿಂದ, ಅಷ್ಟೇ ಜೋಳ ಒಳಗಿನ ಇಂಜಿನ್ನಿನಿಂದ. ಯಾವುದು ಕಡಿಮೆ ಹೊತ್ತಿನಲ್ಲಿ ಮುಗಿಸುತ್ತದೋ ಅದು ಗೆದ್ದಂತೆ. ಮ್ಯಾಗ್ನೆಟೊ ಒಂದೇ ಆದ್ದರಿಂದ ಒಂದಾದ ಮೇಲೊಂದು. ತೀರ್ಪುಗಾರರು ಯಾರು ಎಂಬ ಪ್ರಶ್ನೆ ಬಂತು. ಎಲ್ಲರೂ ಸಂಕಪ್ಪನವರನ್ನು ಕರೆದರು, ಜೋಳದ ರೊಟ್ಟಿ ತಿನ್ನದವರು ಅವರೊಬ್ಬರೇ.

"ನನಗೆ ಎರಡೂ ಒಂದೇ ಮಾರಾಯ್ರೆ, ಎರಡೂ ಗಂಟಲಲ್ಲಿ ಇಳಿಯುದಿಲ್ಲ" ಎಂದು ಸಂಕಪ್ಪ ಗಡಿಯಾರ ಹಿಡಿದು ಸ್ಟೂಲಿನ ಮೇಲೆ ಕೂತರು.

ಮೊದಲು ದೇಸಾಯರ ಗಾಡಿ. ದೇಸಾಯರು ತನಿಯಪ್ಪನನ್ನು ಇಳಿಸಿ ತಾವೇ ಹತ್ತಿ ಕೂತರು. ರುಮಾಲು ತೆಗೆದು ನನ್ನ ಕೈಗೆ ಕೊಟ್ಟರು. ಅಜ್ಜಿ ಜೋಳ ಸುರಿದಳು. ದೇಸಾಯರು ಎಲ್ಲಿಗೂ ಹೋಗದ ಗಾಡಿಯಲ್ಲಿ ಮುಂದಕ್ಕೆ ಬಾಗಿ, ಚುಕ್ಕಾಣಿ ಬಿಗಿಹಿಡಿದು, ಕಣ್ಣು ಕಿರಿದು ಮಾಡಿ, ಗೋಡೆಯನ್ನೇ ನೋಡುತ್ತ ವೇಗ ಹೆಚ್ಚಿಸಿದರು. ಕಲ್ಲು ಹಾಡತೊಡಗಿತು. ಹೆಂಗಸರು ಸಾಲು ಮರೆತು ಸುತ್ತ ಸೇರಿದರು. ಬುಟ್ಟಿಯಲ್ಲಿ ಕೊನೆಯ ಹಿಡಿ ಉಳಿದಿದ್ದಾಗ ಪಟ್ಟಾ ಗಾಲಿಯಿಂದ ಜಾರಿ, ಹೊರಗೆ ಹಾರಿ, ಸಂಕಪ್ಪನವರ ಹೋಟೆಲಿನ ಬಾಗಿಲಿಗೆ ಬಡಿಯಿತು. ಆ ಬಾಗಿಲು ಒಬ್ಬ ಗಿರಾಕಿಯನ್ನು ಒಳಗೆ ಎಸೆಯಿತು. ಪಟ್ಟಾ ಮತ್ತೆ ಏರಿಸಿ ಮುಗಿಸುವಷ್ಟರಲ್ಲಿ ಬಹಳ ಹೊತ್ತು ಹೋಯಿತು.

ಆಮೇಲೆ ನಾನು ಮ್ಯಾಗ್ನೆಟೊ ಬಿಚ್ಚಿ, ಸುಣ್ಣದ ಗುರುತಿಗೆ ಸರಿಯಾಗಿ ಒಳಗಿನ ಇಂಜಿನ್ನಿಗೆ ಕೂಡಿಸಿದೆ. ಸರಿಯಾಗಿ ಕೂಡಿಸಿದರೆ ದೇಸಾಯರು ಸೋಲುತ್ತಾರೆ, ಸೋತರೆ ಸಿಟ್ಟಾಗುತ್ತಾರೆ, ಸಿಟ್ಟಾದರೆ ನನ್ನ ನೌಕರಿ ಹೋಯಿತು. ಗುರುತಿನಿಂದ ಕೂದಲೆಳೆಯಷ್ಟು ಸರಿಸಿದರೂ ಸಾಕಾಗಿತ್ತು, ಕಿಡಿ ಹೊತ್ತು ತಪ್ಪಿ ಆ ಇಂಜಿನ್ನು ನಿಧಾನವಾಗುತ್ತಿತ್ತು. ನಾನು ಎರಡು ಸಲ ನೋಡಿ, ಸರಿಯಾಗಿಯೇ ಕೂಡಿಸಿದೆ. ಬೇರೆ ಥರ ಮಾಡಲು ನನಗೆ ಬರುತ್ತಿರಲಿಲ್ಲ.

ರಂಗೂಬಾಯಿಯ ಇಂಜಿನ್ನು ಅವಸರ ಮಾಡಲಿಲ್ಲ. ದಿನಾ ಮಾಡುವ ಕೆಲಸ. ಬುಟ್ಟಿ ಖಾಲಿಯಾದಾಗ ಸಂಕಪ್ಪ ಗಡಿಯಾರ ನೋಡಿ, ಯಾರ ಮುಖವನ್ನೂ ನೋಡದೆ, ಒಳಗಿನ ಕಡೆ ಬೆರಳು ಮಾಡಿದರು.

ದೇಸಾಯರು ನನ್ನ ಕೈಯಿಂದ ರುಮಾಲು ತೆಗೆದುಕೊಂಡು ತಲೆಗೆ ಇಟ್ಟುಕೊಂಡರು.

"ಆವಾಗ ಟಾಯರ್ ಒಡೀತು. ಈಗ ಪಟ್ಟಾ ಜಾರಿತು" ಅಂದರು. "ಗಾಡೀದೇನೂ ತಪ್ಪಿಲ್ಲ."

"ಇಲ್ಲರಿ" ಅಂದರು ನಿಜಲಿಂಗಪ್ಪನವರು.

"ಮ್ಯಾಗ್ನೆಟೊ ಈ ಬಾಯಿ ಕಡೇನ ಇರಲಿ. ಗೆದ್ದವರ ಮನಿ ಸಾಮಾನು ನಾ ಒಯ್ಯೂದಿಲ್ಲ. ನನಗ ಬ್ಯಾರೆ ಮ್ಯಾಗ್ನೆಟೊ ಹುಡಕ್ರಿ. ಎರಡೂ ಕೂಡೇ ಓಡಬೇಕು, ಎರಡು ಕಲ್ಲು ಹಾಕಿ. ನನ್ನ ಗಾಡಿ ಗೆಲ್ಲೂ ತನಕ ಇಲ್ಲೇ ಇರಲಿ." ಬೆತ್ತವನ್ನು ನನ್ನ ಕಡೆ ತಿರುಗಿಸಿದರು. "ಈ ಹುಡುಗ ಯಾರು? ಎದುರಿನವರ ಇಂಜಿನ್ನಿಗೂ ಅಷ್ಟ ಸರಿಯಾಗಿ ಕೂಡಿಸಿದ. ನಾ ನೋಡಲಿಕ್ಕತ್ತಿದ್ದೆ. ನನ್ನ ಗಾಡಿ ಇವನ ಕೈಯಾಗ ಇರಲಿ."

ನಿಜಲಿಂಗಪ್ಪನವರು ಒಂದು ಗಳಿಗೆ ಲೆಕ್ಕ ಹಾಕಿದರು. ಆ ಗಾಡಿಗೆ ಮ್ಯಾಗ್ನೆಟೊ ಸಿಗುವುದು, ಸಿಕ್ಕ ಮೇಲೆ ಗೆಲ್ಲುವುದು, ಅಲ್ಲಿಯ ತನಕ ದೇಸಾಯರ ದುಡ್ಡು ಗ್ಯಾರೇಜಿಗೆ ಬರುತ್ತಲೇ ಇರುವುದು. "ಕಾಯಂ ಮಾಡೇನ್ರಿ" ಅಂದರು.

ಮಿಕ್ಕ ಬುಟ್ಟಿಗಳೆಲ್ಲ ಬೀಸಿ ಮುಗಿಯುವ ತನಕ ನಾನೂ ಗಿರಣಿಯಲ್ಲೇ ನಿಂತು ಕೆಲಸ ಮಾಡಿದೆ, ಅದು ನ್ಯಾಯ ಅನ್ನಿಸಿತು. ಸಂಜೆ ಮನೆಗೆ ಬಂದಾಗ ಗಂಗೂ ಅತ್ತೆ ದೇವರ ಮುಂದೆ ದೀಪ ಹಚ್ಚುತ್ತಿದ್ದಳು. ಮಣೆಯ ಮೇಲೆ ಮಣ್ಣಿನ ನಾಗಪ್ಪ, ಹಾಲು, ಅರಳು. ಅವಳು ತಿರುಗಿ ನೋಡಿದಳು. ನನ್ನ ತಲೆ, ಹುಬ್ಬು, ಮೀಸೆ, ಅಂಗಿ ಎಲ್ಲ ಬಿಳಿ.

"ಅದೇನದು ಮೈಮ್ಯಾಲ?"

ಸುಳ್ಳು ಹೇಳಲು ನನಗೆ ಬರುವುದಿಲ್ಲ. "ಜೋಳದ ಹಿಟ್ಟು" ಅಂದೆ.

"ಪಂಚಮಿ ದಿನ ಬೀಸಿದ್ಯಾ?"

"ನಾ ಬೀಸಲಿಲ್ಲ ಅತ್ತಿ. ಇಂಜಿನ್ ಬೀಸಿತು. ಗಿರಣಿಯವರ ಪಂಚಾಂಗದಾಗ ಪಂಚಮಿ ನಿನ್ನೆ ಆಗಿತ್ತಂತ."

ಅತ್ತೆಯ ಮುಖ ಕೆಂಪಾಯಿತು. ಪುಣೆಯ ಪಂಚಾಂಗದ ಬಗ್ಗೆ ಅವಳು ಹೇಳಬೇಕಾದದ್ದು ಬಹಳವಿತ್ತು, ಅದನ್ನು ನಾನು ಮೊದಲೂ ಕೇಳಿದ್ದೆ. ಅವಳು ಬಾಯಿ ತೆರೆಯುವಷ್ಟರಲ್ಲಿ ನಾನು, "ನೌಕರಿ ಕಾಯಂ ಆತು" ಅಂದೆ.

ಅತ್ತೆ ಬಾಯಿ ಮುಚ್ಚಿದಳು. ದೀಪದ ಬತ್ತಿ ಸರಿಮಾಡಿದಳು. ನಾಗಪ್ಪನನ್ನು ನೋಡಿದಳು, ನನ್ನನ್ನು ನೋಡಿದಳು, ಗೂಡಿನಲ್ಲಿದ್ದ ಮಠದ ಪಂಚಾಂಗವನ್ನು ನೋಡಿದಳು. ಎದ್ದು ಹೋಗಿ ಅದನ್ನು ಮಗುಚಿ ಇಟ್ಟಳು.

"ಹಂಗಾದ್ರ ಪಂಚಮಿ ನಿನ್ನೇನ ಆಗಿತ್ತು ಬಿಡು" ಅಂದಳು. "ಕೈಕಾಲು ತೊಳಕೊಂಡು ಬಾ, ಉಂಡಿ ಕೊಡತೀನಿ."

ನಾನು ಬಚ್ಚಲಿಗೆ ಹೊರಟಾಗ ಮತ್ತೆ ಕರೆದಳು.

"ನಿನ್ನೆ ನಾ ಸೌತಿಕಾಯಿ ಹೆಚ್ಚಿದ್ದು ಮಾತ್ರ ಯಾರ ಮುಂದೂ ಹೇಳಬ್ಯಾಡ."